ಭಾನುವಾರದ ಕ್ಲಿನಿಕ್ಕಿಗೆ ಅಮ್ಮನನ್ನು ಕರೆದುಕೊಂಡು ಹೋದೆ

ಆಸ್ಪತ್ರೆಗೆ ಅಡ್ಮಿಟ್ ಆದರೆ ಖರ್ಚು ಕೊಡುವ ಆಯುಷ್ಮಾನ್ ಕಾರ್ಡು ಸರ್ಕಾರ ಮಾಡಿದೆ. ದಿನಾ ನುಂಗುವ ಮಾತ್ರೆಗೆ, ತಿಂಗಳಿಗೊಮ್ಮೆ ತೋರಿಸುವ ಡಾಕ್ಟರ ಫೀಸಿಗೆ ಆ ಕಾರ್ಡು ನಡೆಯಲ್ಲ. ನಮ್ಮಂಥವರ ಮನೆಯಲ್ಲಿ ದುಡ್ಡು ಖಾಲಿಯಾಗುವುದು ಈ ಎರಡನೆಯದಕ್ಕೇ. ಕೊಡಗಿನ ಸಿದ್ದಾಪುರದ ಕಡೆ ಭಾನುವಾರ ನಡೆಯುವ ಉಚಿತ ಕ್ಲಿನಿಕ್ ಬಗ್ಗೆ ಬರೆಯುತ್ತಿರುವುದು ಅದಕ್ಕೆ. ಅಲ್ಲಿ ಏನು ಮಾಡುತ್ತಾರೆ, ಏನು ಮಾಡಲ್ಲ, ಹೋಗುವವರು ಏನು ತಗೊಂಡು ಹೋಗಬೇಕು, ಎಲ್ಲ ಅಮ್ಮನ ಜೊತೆ ಹೋಗಿ ನೋಡಿದ್ದು.

ಅಮ್ಮನಿಗೆ ಅರವತ್ತು ದಾಟಿದೆ. ಈಗಲೂ ತೋಟದ ಕೆಲಸಕ್ಕೆ ಹೋಗುತ್ತಾಳೆ. ಮಾಲೀಕರು ತೋಟದಲ್ಲೇ ಆಳುಗಳಿಗೆ ಕಟ್ಟಿಸಿದ ಲೈನ್ ಮನೆಯಲ್ಲಿ ಇರುವವಳಲ್ಲ, ಹೊರಗಿನ ಆಳು. ಇವತ್ತು ಒಬ್ಬರ ತೋಟದಲ್ಲಿ ಚಿಗುರು ತೆಗೆಯೋದು, ನಾಳೆ ಇನ್ನೊಬ್ಬರಲ್ಲಿ ಕಳೆ, ಜನವರಿ ಬಂದರೆ ರೋಬಸ್ಟಾ ಕಾಫಿ ಕುಯ್ಲು. ತೋಟದ ಕೆಲಸದವರಿಗೆ ಮಾಲೀಕರೇ ಔಷಧೋಪಚಾರದ ವ್ಯವಸ್ಥೆ ಮಾಡಬೇಕು ಅಂತ 1951ರಲ್ಲೇ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಬಂತು. ಆದರೆ ಅದು ನಡೆಯುತ್ತಿದ್ದದ್ದು ಐದು ಹೆಕ್ಟೇರಿಗೆ ಕಡಿಮೆ ಇಲ್ಲದ, ಹದಿನೈದು ಜನ ಆಳಿಗೆ ಕಡಿಮೆ ಇಲ್ಲದ ತೋಟಗಳಿಗೆ. ಅಮ್ಮ ಹೋಗುವುದು ಮೂರು ಎಕರೆ, ನಾಲ್ಕು ಎಕರೆ ತೋಟಗಳಿಗೆ. ಆ ಮಾಲೀಕರೂ ನಮ್ಮ ಹಾಗೇ ಸಾಲದಲ್ಲಿ ಇರೋರು. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಈ ಒಂದು ಜಿಲ್ಲೆಯಿಂದ ಹೋಗುತ್ತದೆ, ಅದನ್ನು ಕುಯ್ದವರಲ್ಲಿ ಎಷ್ಟೋ ಜನ ಯಾವ ಪಟ್ಟಿಯಲ್ಲೂ ಇಲ್ಲ.

ರೇಷನ್ ಕಾರ್ಡಿನ ಕಥೆ ಬೇರೆ. ಅಪ್ಪ ಹೋದ ಮೇಲೆ ಅಮ್ಮನ ಹೆಸರನ್ನು ಪಿರಿಯಾಪಟ್ಟಣದಲ್ಲಿರುವ ಅಣ್ಣನ ಕಾರ್ಡಿಗೆ ಸೇರಿಸಿದ್ದರು. ಅಮ್ಮ ಇರುವುದು ನನ್ನ ಜೊತೆ, ಹೆಸರು ಇರುವುದು ಅಲ್ಲಿ. ಅಣ್ಣನ ಕಾರ್ಡು ಒಂದು ಸಲ ಎಪಿಎಲ್ ಆಯಿತು ಅಂದರು, ಇನ್ನೊಂದು ಸಲ ಇಕೆವೈಸಿ ಆಗಿಲ್ಲ ಅಂದರು. ಹಾಗಾಗಿ ಹೆಬ್ಬೆಟ್ಟು ಕೊಟ್ಟು ಆಯುಷ್ಮಾನ್ ಕಾರ್ಡು ಮಾಡಿಸೋಣ ಅಂದರೂ ಆಗಿರಲಿಲ್ಲ.

ಶುಗರ್ ಇರೋದು ಗೊತ್ತಾಗಿ ಬಹಳ ವರ್ಷ ಆಯಿತು, ಬಿಪಿ ಆಮೇಲೆ ಬಂತು. ಪೇಟೆಯ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ತೋರಿಸುತ್ತಿದ್ದೆವು. ಫೀಸು, ರಕ್ತ ಪರೀಕ್ಷೆ, ಮಾತ್ರೆ ಎಲ್ಲ ಸೇರಿದರೆ ಅಮ್ಮನ ಒಂದು ವಾರದ ಬಟವಾಡೆ ಅಲ್ಲೇ ಮುಗಿಯುತ್ತಿತ್ತು. ಮಳೆಗಾಲದಲ್ಲಿ ಕೆಲಸ ಕಡಿಮೆ, ಆಗ ಅಮ್ಮ ಮಾತ್ರೆಯನ್ನು ದಿನ ಬಿಟ್ಟು ದಿನ ತಗೊಳ್ಳುತ್ತಿದ್ದಳು. ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಶುಗರ್, ಬಿಪಿ ಮಾತ್ರೆ ಬಿಟ್ಟಿ ಕೊಡುತ್ತಾರೆ, ನಿಜ. ಅದನ್ನು ಯಾರೂ ಮರೆಯಬಾರದು. ಆದರೆ ಅಲ್ಲಿ ಡಾಕ್ಟರು ಸಿಗುವುದು ಕೆಲಸದ ದಿನ, ಕೆಲಸದ ಹೊತ್ತಿನಲ್ಲಿ. ಬಸ್ಸಿಗೆ ಕಾದು, ಸಾಲಲ್ಲಿ ನಿಂತು ಬರುವಷ್ಟರಲ್ಲಿ ಒಂದು ದಿನದ ಕೂಲಿ ಹೋಯಿತು. ಕುಯ್ಲಿನ ಸಮಯದಲ್ಲಿ ಕಿಲೋ ಲೆಕ್ಕದಲ್ಲಿ ದುಡ್ಡು ಬರುವಾಗ ಯಾರು ತಾನೇ ರಜೆ ಹಾಕುತ್ತಾರೆ?

ಭಾನುವಾರದ ಕ್ಲಿನಿಕ್ ವಿಷಯ ಹೇಳಿದ್ದು ನಮ್ಮ ಆಶಾ ಅಕ್ಕ. "ಕಾರ್ಡು ಕೇಳಲ್ಲ, ದುಡ್ಡು ಕೇಳಲ್ಲ, ಸುಮ್ನೆ ಕರ್ಕೊಂಡು ಹೋಗು" ಅಂದರು. ಅಮ್ಮನಿಗೆ ಇಷ್ಟ ಇರಲಿಲ್ಲ. ಬಿಟ್ಟಿ ಔಷಧಿ ಅಂದರೆ ಸತ್ವ ಇಲ್ಲದ ಔಷಧಿ ಅಂತ ಅವಳ ನಂಬಿಕೆ. ಸಂತೆಗೆ ಹೇಗೂ ಹೋಗಬೇಕಲ್ಲ, ಹಾಗೇ ಒಂದು ಸಲ ನೋಡಿ ಬರೋಣ ಅಂತ ಒಪ್ಪಿಸಿದೆ.

ಕ್ಲಿನಿಕ್ ಅಂದರೆ ಒಂದು ಹಾಲ್. ವಾರದ ಬೇರೆ ದಿನ ಬೇರೆ ಏನಕ್ಕೋ ಬಳಸುತ್ತಾರೆ. ಬಾಗಿಲ ಹತ್ತಿರ ಗೋಡೆ ಮೇಲೆ ಕೆಪಿಎಂಇ, ಅಂದರೆ ಖಾಸಗಿ ಆಸ್ಪತ್ರೆ, ಕ್ಲಿನಿಕ್‌ಗಳ ಕಾಯ್ದೆಯ ನೋಂದಣಿ ಪತ್ರ ತೂಗು ಹಾಕಿದ್ದಾರೆ. ಬಿಟ್ಟಿ ನಡೆಸಿದರೂ ಆ ನೋಂದಣಿ ಇಲ್ಲದೆ ಕ್ಲಿನಿಕ್ ನಡೆಸುವ ಹಾಗಿಲ್ಲ ಅಂತ ಆಮೇಲೆ ಗೊತ್ತಾಯಿತು. ಡಾಕ್ಟರುಗಳು ಮಡಿಕೇರಿಯಿಂದ, ಮೈಸೂರಿನಿಂದ ಸರದಿ ಪ್ರಕಾರ ಬರುತ್ತಾರೆ. ಒಬ್ಬರು ನಿವೃತ್ತ ಸಿಸ್ಟರ್ ಇದ್ದಾರೆ, ಇಡೀ ಜಾಗ ನಡೆಯುವುದೇ ಅವರ ಬಾಯಿಂದ. ನರ್ಸಿಂಗ್ ಓದುವ ಹುಡುಗಿಯರು, ಔಷಧಿ ಕೊಡಲು ಒಬ್ಬ ಫಾರ್ಮಸಿಸ್ಟ್, ಚೀಟಿ ಬರೆಯಲು ಒಬ್ಬ ಮೇಷ್ಟ್ರು. ಯಾರಿಗೂ ಸಂಬಳ ಇಲ್ಲ.

ಬಂದವರನ್ನು ನೋಡಿದರೆ ಕೊಡಗಿನ ತೋಟಗಳಲ್ಲಿ ಯಾರು ಯಾರು ದುಡಿಯುತ್ತಾರೆ ಅಂತ ಗೊತ್ತಾಗುತ್ತದೆ. ಹಾಡಿಯ ಆದಿವಾಸಿಗಳಾದ ಯರವರು, ಜೇನುಕುರುಬರು, ಮಲಯಾಳ ಮಾತಾಡುವ ಅಜ್ಜಿಯರು, ತಮಿಳಿನವರು, ಅಸ್ಸಾಂ ಮತ್ತು ಬಂಗಾಳದಿಂದ ಬಂದ ಹುಡುಗರು. ಕರಡಿಗೋಡು, ನೆಲ್ಯಹುದಿಕೇರಿ ಹೊಳೆ ಬದಿಯವರೂ ಇದ್ದರು. 2019ರ ಆಗಸ್ಟಿನಲ್ಲಿ ಕಾವೇರಿ ಉಕ್ಕಿ ಅಲ್ಲಿ ಮನೆಗಳು ಹೋದವಲ್ಲ, ಮನೆ ಜೊತೆ ಕಾಗದ ಪತ್ರವೂ ಹೋಯಿತು ಅಂತ ನನ್ನ ಪಕ್ಕ ಕೂತಿದ್ದ ಹೆಂಗಸು ಹೇಳಿದರು. ಒಳಗೆ ಕೂತ ತಕ್ಷಣ ಸಿಸ್ಟರು ಗಟ್ಟಿಯಾಗಿ ಕನ್ನಡ, ಮಲಯಾಳ, ಹಿಂದಿ ಮೂರರಲ್ಲೂ ಕೂಗಿದರು: "ಎರಡು ವಾರಕ್ಕಿಂತ ಜಾಸ್ತಿ ಕೆಮ್ಮು ಇರೋರು ಹೊರಗೆ ಗಾಳಿ ಇರೋ ಕಡೆ ಬೆಂಚಲ್ಲಿ ಕೂತ್ಕೊಳ್ಳಿ, ನಿಮ್ಮನ್ನೇ ಮೊದಲು ನೋಡ್ತಾರೆ." ಹೊರಗೆ ಕಳಿಸಿದರು ಅಂತ ಯಾರಿಗೂ ಬೇಜಾರಾಗಲಿಲ್ಲ, ಮೊದಲು ನೋಡ್ತಾರೆ ಅಂದರಲ್ಲ. ಅವರಿಗೆ ಕಫ ಪರೀಕ್ಷೆಗೆ ಸರ್ಕಾರಿ ಆಸ್ಪತ್ರೆಗೆ ಚೀಟಿ ಕೊಡುತ್ತಾರೆ. ಟಿಬಿ ಅಂತ ಆದರೆ ಔಷಧಿ ಪೂರ್ತಿ ಸರ್ಕಾರದ್ದೇ, ಊಟಕ್ಕೆ ಅಂತ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದದ್ದು 2024ರ ನವೆಂಬರಿನಿಂದ 1000 ಆಗಿದೆ.

ಚೀಟಿ ಬರೆಯುವ ಮೇಷ್ಟ್ರು ಅಮ್ಮನನ್ನು ಕೇಳಿದ ಪ್ರಶ್ನೆಗಳು ನನಗೆ ಹೊಸದು. ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳ್ತೀರಿ, ಕೆಲಸಕ್ಕೆ ಹೋಗೋ ಮುಂಚೆ ಏನು ತಿಂತೀರಿ, ಮಧ್ಯಾಹ್ನದ ಬುತ್ತಿಯಲ್ಲಿ ಏನಿರುತ್ತೆ, ಮಾತ್ರೆ ಯಾವಾಗ ನುಂಗ್ತೀರಿ. ಪೇಟೆಯ ಕ್ಲಿನಿಕ್ಕಿನಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಅಮ್ಮ ಹೇಳಿದಳು: ಎದ್ದ ತಕ್ಷಣ ಬೆಲ್ಲದ ಕಾಫಿ, ಮಾತ್ರೆ ಎರಡೂ ಒಟ್ಟಿಗೆ, ಆಮೇಲೆ ಕೆಲಸ, ಊಟ ಮಧ್ಯಾಹ್ನವೇ. ಅವರು ಅದನ್ನು ಹಾಗೇ ಬರೆದುಕೊಂಡರು.

ಬಿಪಿ ನೋಡುವಾಗ ಸಿಸ್ಟರು ಮೊದಲು ಕೇಳಿದ್ದು, "ಕಾಫಿ ಕುಡಿದ್ರಾ ಅಮ್ಮ?" ಸಂತೆಯಲ್ಲಿ ಕುಡಿದು ಬಂದಿದ್ದೆವು. "ಹಂಗಾದ್ರೆ ಅರ್ಧ ಗಂಟೆ ಕೂತ್ಕೊಳ್ಳಿ" ಅಂತ ಪಟ್ಟಿಯನ್ನು ಮಡಚಿ ಇಟ್ಟೇಬಿಟ್ಟರು. ಆಮೇಲೆ ಕರೆದು, ಬೆನ್ನು ಒರಗಿಸಿ ಕೂರಿಸಿ, ಕಾಲು ನೆಲಕ್ಕೆ ಊರಿಸಿ, ಕೈಯನ್ನು ಎದೆ ಮಟ್ಟಕ್ಕೆ ಮೇಜಿನ ಮೇಲೆ ಇಡಿಸಿ, ಮಾತಾಡಬೇಡಿ ಅಂತ ಹೇಳಿ ನೋಡಿದರು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ. ಎರಡೂ ಸಲ 160ರ ಮೇಲೆಯೇ ಇತ್ತು. 140/90 ದಾಟಿದರೆ ಜಾಸ್ತಿ ಅಂತ ಲೆಕ್ಕ, ಅದೂ ಒಂದೇ ಸಲ ನೋಡಿ ಹೇಳೋದಲ್ಲ, ಅದಕ್ಕೇ ಎರಡು ಸಲ ಅಂದರು. ನಿಂತಲ್ಲೇ ರವಿಕೆಯ ತೋಳಿನ ಮೇಲೇ ಪಟ್ಟಿ ಸುತ್ತಿ ನೋಡಿದ್ದನ್ನೂ ನಾನು ಕಂಡಿದ್ದೇನೆ, ಅದಕ್ಕೆ ಇದನ್ನು ಇಷ್ಟು ಬಿಡಿಸಿ ಬರೆದೆ.

ಆವತ್ತು ಇದ್ದದ್ದು ಒಬ್ಬರು ಹೆಂಗಸು ಡಾಕ್ಟರು. ಚೀಟಿ ಓದಿ ಅವರು ಅಮ್ಮನ ಮುಖ ನೋಡಿ ಕೇಳಿದರು: "ಕೆಲಸ ಮಾಡ್ತಾ ಹನ್ನೊಂದು ಗಂಟೆ ಹೊತ್ತಿಗೆ ಕೈ ನಡುಗುತ್ತಾ? ಬೆವರುತ್ತಾ?"

ಅಮ್ಮ ನನ್ನ ಕಡೆ ನೋಡಿದಳು. "ನಿಮಗೆ ಹೆಂಗೆ ಗೊತ್ತಾಯ್ತು ಡಾಕ್ಟ್ರೇ? ದಿನಾ ಆಗ್ತದೆ. ನಿಶ್ಶಕ್ತಿ ಅಂದ್ಕೊಂಡೆ."

ನಿಶ್ಶಕ್ತಿ ಅಲ್ಲ, ಶುಗರ್ ಇಳಿಯುವುದು. ಅಮ್ಮ ತಗೊಳ್ಳುತ್ತಿದ್ದ ಮಾತ್ರೆಯಲ್ಲಿ ಮೆಟ್‌ಫಾರ್ಮಿನ್ ಜೊತೆ ಗ್ಲಿಮಿಪಿರೈಡ್ ಅಂತ ಇನ್ನೊಂದು ಸೇರಿತ್ತು. ಅದು ಮೈಯಲ್ಲಿ ಇನ್ಸುಲಿನ್ ಜಾಸ್ತಿ ಬರುವ ಹಾಗೆ ಮಾಡುತ್ತದೆ, ಹೊಟ್ಟೆಗೆ ಏನೂ ಇಲ್ಲದಿದ್ದರೂ ಮಾಡುತ್ತದೆ. ತಿಂಡಿ ತಿನ್ನುವವರಿಗೆ ಸರಿ, ಬರೀ ಕಾಫಿ ಕುಡಿದು ಗುಡ್ಡ ಹತ್ತಿ ಕಳೆ ಹೊಡೆಯುವವರಿಗೆ ಅದರಿಂದ ಅಪಾಯ. ಶುಗರ್ ಎಪ್ಪತ್ತಕ್ಕಿಂತ ಕೆಳಗೆ ಇಳಿದರೆ ತಲೆ ಸುತ್ತಿ ಬೀಳಬಹುದು, ಪ್ರಜ್ಞೆಯೂ ತಪ್ಪಬಹುದು. ಏಣಿ ಹಾಕಿ ಕರಿಮೆಣಸು ಕುಯ್ಯುವಾಗ ಹಾಗಾದರೆ ಏನು ಗತಿ? ಡಾಕ್ಟರು ಆ ಮಾತ್ರೆ ನಿಲ್ಲಿಸಿದರು. ಮೆಟ್‌ಫಾರ್ಮಿನ್ ಒಂದನ್ನೇ ಬರೆದು, ಊಟದ ಜೊತೆಯೇ ನುಂಗಬೇಕು ಅಂದರು. ಸೆರಗಿನ ಗಂಟಲ್ಲಿ ಒಂದು ತುಂಡು ಬೆಲ್ಲ ಯಾವಾಗಲೂ ಇರಲಿ, ನಡುಕ ಬಂದರೆ ಅಲ್ಲೇ ಕೂತು ಬಾಯಿಗೆ ಹಾಕಿಕೊಳ್ಳಿ, ಹದಿನೈದು ನಿಮಿಷ ಬಿಟ್ಟು ಏನಾದರೂ ತಿನ್ನಿ ಅಂದರು. ಶುಗರ್ ಇರುವವರಿಗೆ ಡಾಕ್ಟರೇ ಬೆಲ್ಲ ತಿನ್ನಲು ಹೇಳಿದ್ದು ಕೇಳಿ ಅಮ್ಮನಿಗೆ ಆಶ್ಚರ್ಯ. ಆದರೆ ಬೆಳಗಿನ ಬೆಲ್ಲದ ಕಾಫಿ ಬಿಡಬೇಕು ಅಂದಾಗ ಅವಳ ಮುಖ ಸಣ್ಣದಾಯಿತು.

ಕಾಲು ನೋಡಬೇಕು ಅಂದರು. ಅಮ್ಮ ಸಂಕೋಚಪಟ್ಟಳು. ತೋಟದಲ್ಲಿ ಓಡಾಡಿದ ಕಾಲು, ಹಿಮ್ಮಡಿ ಬಿರುಕು ಬಿಟ್ಟಿದೆ, ಡಾಕ್ಟರು ಕೈಯಲ್ಲಿ ಮುಟ್ಟುವುದು ಅಂದರೆ ಹೇಗೆ ಅಂತ. ಅವರು ಸ್ಟೂಲ್ ಎಳೆದು ಕೆಳಗೇ ಕೂತು ಕಾಲನ್ನು ತಮ್ಮ ಮಂಡಿ ಮೇಲೆ ಇಟ್ಟುಕೊಂಡರು. ಒಂದು ಹಿಡಿಗೆ ಸಿಕ್ಕಿಸಿದ ನೈಲಾನ್ ದಾರ, ಮೀನು ಹಿಡಿಯುವ ಗಾಳದ ದಾರದಷ್ಟು ದಪ್ಪ. "ಕಣ್ಣು ಮುಚ್ಕೊಳ್ಳಿ ಅಮ್ಮ, ಮುಟ್ಟಿದ್ದು ಗೊತ್ತಾದಾಗ ಹೂಂ ಅನ್ನಿ" ಅಂದರು. ದಾರವನ್ನು ಅದು ಬಾಗುವ ತನಕ ಒತ್ತುತ್ತಾರೆ, ಅಷ್ಟೇ. ಹೆಬ್ಬೆರಳಿನ ತುದಿಗೆ ಒತ್ತಿದರು. ಅಮ್ಮ ಸುಮ್ಮನೆ ಕೂತಿದ್ದಳು. ಬೆರಳ ಬುಡಕ್ಕೆ ಒತ್ತಿದರು, ದಾರ ಬಾಗಿದ್ದು ನನಗೆ ಕಾಣುತ್ತಿತ್ತು, ಅಮ್ಮನಿಂದ ಸದ್ದಿಲ್ಲ. ಆಮೇಲೆ ಡಾಕ್ಟರು ಏನೂ ಮುಟ್ಟದೆ ಕಾದರು, ಆಗ ಅಮ್ಮ "ಹೂಂ" ಅಂದಳು. ಮತ್ತೆ ಹಿಮ್ಮಡಿ ಹತ್ತಿರ, ಮೀನಖಂಡದ ಹತ್ತಿರ ಒತ್ತಿದಾಗ ಸರಿಯಾಗಿ ಹೇಳಿದಳು. ಅಂದರೆ ಪಾದದ ಮುಂದಿನ ಭಾಗಕ್ಕೆ ಸ್ಪರ್ಶ ಹೋಗಿಬಿಟ್ಟಿದೆ. ಎಡಗಾಲಿನ ಕಿರುಬೆರಳ ಕೆಳಗೆ ಒಂದು ಗಾಯ ಇತ್ತು, ಸುತ್ತ ಬಿಳಿ ಚರ್ಮ, ಒಳಗೆ ತೇವ. ಅದು ನನಗೂ ಗೊತ್ತಿರಲಿಲ್ಲ, ಅಮ್ಮನಿಗೂ ಗೊತ್ತಿರಲಿಲ್ಲ. ನೋವೇ ಇಲ್ಲದಿದ್ದರೆ ಹೇಗೆ ಗೊತ್ತಾಗಬೇಕು? ಮಳೆಗಾಲದಲ್ಲಿ ಇಂಬಳ ಕಚ್ಚಿ ರಕ್ತ ಸುರಿದರೂ ಗಮ್‌ಬೂಟ್ ಬಿಚ್ಚಿದಾಗಲೇ ನೋಡೋದು ಅಂತ ಅಮ್ಮ ಹೇಳುತ್ತಿದ್ದಳು. ಇಂಬಳ ಕಚ್ಚಿದ್ದು ಎಲ್ಲರಿಗೂ ಗೊತ್ತಾಗಲ್ಲ, ಅದು ಬೇರೆ. ಈ ಗಾಯದ ಕಥೆ ಮಾತ್ರ ಶುಗರ್‌ದು.

ಡಾಕ್ಟರು ಹೆದರಿಸಲಿಲ್ಲ, ಮುಚ್ಚಿಡಲೂ ಇಲ್ಲ. "ಈಗ ಸಣ್ಣದಿದೆ, ಎಲುಬಿಗೆ ಹೋಗಿಲ್ಲ. ಹಿಂಗೇ ಬಿಟ್ರೆ ಬೆರಳು ತೆಗೀಬೇಕಾಗುತ್ತೆ. ಬಿಡಲ್ಲ ಅಲ್ವಾ?" ಅಂದರು. ಅಮ್ಮ ಇಲ್ಲ ಅಂತ ತಲೆ ಆಡಿಸಿದಳು. ಗಾಯ ತೊಳೆದು, ಸತ್ತ ಚರ್ಮ ತೆಗೆದು ಡ್ರೆಸ್ಸಿಂಗ್ ಮಾಡಿದರು. ಮನೆಯಲ್ಲಿ ದಿನಾ ಹೇಗೆ ಮಾಡಬೇಕು ಅಂತ ನನ್ನ ಕೈಯಲ್ಲೇ ಒಂದು ಸಲ ಮಾಡಿಸಿದರು. ಕಾಲಿನ ಅಡಿ ನೋಡಿಕೊಳ್ಳಲು ಒಂದು ಕನ್ನಡಿಯನ್ನು ನೆಲದ ಮೇಲೆ ಇಟ್ಟು ಅದರ ಮೇಲೆ ಪಾದ ಹಿಡಿಯಬೇಕು. ಬೂಟ್ ಹಾಕೋ ಮುಂಚೆ ಕೈ ಹಾಕಿ ಒಳಗೆ ಮುಳ್ಳು, ಕಲ್ಲು ಇದೆಯಾ ನೋಡಬೇಕು. ಒಣಗಿದ ಕಾಲುಚೀಲ ಎರಡು ಜೊತೆ ಇರಬೇಕು, ಮಧ್ಯಾಹ್ನ ಬದಲಾಯಿಸಬೇಕು. ಬೆಂಕಿ ಹತ್ತಿರ ಕಾಲು ಚಾಚಿ ಕೂರಬಾರದು. ಈ ಕೊನೆಯದು ಕೊಡಗಿನಲ್ಲಿ ಎಷ್ಟು ಕಷ್ಟ ಅಂತ ಜುಲೈ ತಿಂಗಳಲ್ಲಿ ಇಲ್ಲಿ ಇದ್ದವರಿಗೆ ಗೊತ್ತು. ಮರಗಟ್ಟಿದ ಕಾಲಿಗೆ ಬಿಸಿ ಗೊತ್ತಾಗಲ್ಲ, ಸುಟ್ಟ ಮೇಲೇ ತಿಳಿಯುವುದು. ಮನೆಯಲ್ಲಿ ಹಾಕಿಕೊಳ್ಳಲು ಎಂಸಿಆರ್ ಚಪ್ಪಲಿ ಅಂತ ಮೆತ್ತನೆ ರಬ್ಬರಿನದು, ಅಳತೆ ತಗೊಂಡು ತರಿಸಿಕೊಟ್ಟರು.

ಔಷಧಿ ಮೇಜಿನಲ್ಲಿ ಮಾತ್ರೆಯನ್ನು ಕಾಗದದ ಕವರಿಗೆ ಹಾಕಿ, ಮೇಲೆ ಬೆಳಿಗ್ಗೆಗೆ ಸೂರ್ಯ, ರಾತ್ರಿಗೆ ಚಂದ್ರ, ಪಕ್ಕದಲ್ಲಿ ಊಟದ ತಟ್ಟೆ ಬರೆದು ಕೊಡುತ್ತಾರೆ. ಓದು ಬರದ ಅಮ್ಮನಿಗೆ ಇದಕ್ಕಿಂತ ಬೇರೆ ಬೇಕಾಗಿಲ್ಲ. ಬಿಪಿಗೆ ಆಮ್ಲೋಡಿಪಿನ್ ಕೊಟ್ಟರು, ಕಾಲು ಸ್ವಲ್ಪ ಊದಿದರೆ ನಿಲ್ಲಿಸಬೇಡಿ, ಬಂದು ಹೇಳಿ ಅಂತ ಮುಂಚೆಯೇ ಹೇಳಿದರು. ಮಾತ್ರೆಗಳೆಲ್ಲ ಜೆನೆರಿಕ್. ಬಿಟ್ಟಿ ಔಷಧಿಗೆ ಸತ್ವ ಇಲ್ಲ ಅನ್ನುವ ಅಮ್ಮನ ಮಾತನ್ನು ನಾನೇ ಫಾರ್ಮಸಿಸ್ಟ್ ಹತ್ತಿರ ಎತ್ತಿದೆ. ಅವರು ಎರಡು ಸ್ಟ್ರಿಪ್ ಪಕ್ಕ ಪಕ್ಕ ಹಿಡಿದು, ಹೆಸರಿನ ಕೆಳಗೆ ಸಣ್ಣಗೆ ಬರೆದಿರುವ ಔಷಧಿ ಒಂದೇ, 500 ಎಂಜಿ ಅನ್ನೋದೂ ಒಂದೇ ಅಂತ ತೋರಿಸಿದರು. ಜನೌಷಧಿ ಕೇಂದ್ರದ ಬೆಲೆಯನ್ನೂ ಹೇಳಿದರು, ಕ್ಲಿನಿಕ್ ಇಲ್ಲದ ವಾರ ದುಡ್ಡು ಕೊಟ್ಟು ತಗೊಂಡರೂ ಕೈಗೆ ಎಟುಕುವ ಬೆಲೆ.

ಸೂಜಿ, ಗ್ಲೂಕೋಸ್ ಬಾಟ್ಲಿ ಅಲ್ಲಿ ಕೇಳಿದರೆ ಸಿಗಲ್ಲ. ಮೈಕೈ ನೋವು ಅಂತ ಬಂದು "ಒಂದು ಸೂಜಿ ಹಾಕಿ ಮೇಡಂ" ಅಂದ ಒಬ್ಬರಿಗೆ ಸೂಜಿ ಹಾಕಲಿಲ್ಲ, ಅವರು ಮುನಿಸಿಕೊಂಡೇ ಹೋದರು. ಹಾಕಿಬಿಟ್ಟರೆ ಜನ ಖುಷಿಯಾಗುತ್ತಾರೆ, ಸುಲಭ. ಆದರೂ ಹಾಕಲ್ಲ, ಅದಕ್ಕೇ ನನಗೆ ಅವರ ಮೇಲೆ ನಂಬಿಕೆ ಬಂತು. ಎದೆ ನೋವು, ಪಾರ್ಶ್ವವಾಯು, ಹೆರಿಗೆ, ಹಾವು ಕಚ್ಚಿದ್ದು, ಇವಕ್ಕೆ ಅಲ್ಲಿಗೆ ಬರಲೇಬೇಡಿ, 108ಕ್ಕೆ ಫೋನ್ ಮಾಡಿ ಅಂತ ಗೋಡೆಗೆ ಚಿತ್ರ ಸಮೇತ ಅಂಟಿಸಿದ್ದಾರೆ. ಹಾವಿನ ವಿಷಯ ಅಲ್ಲಿ ಕೂತಾಗ ತಿಳಿದದ್ದು ಇನ್ನೊಂದಿದೆ. ನಮ್ಮಲ್ಲಿ ಸಿಗುವ ವಿಷ ನಿರೋಧಕ ಇಂಜೆಕ್ಷನ್ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾಡಿದ್ದು. ಕಾಫಿ ತೋಟದ ತರಗೆಲೆಯಲ್ಲಿ ಇರುವ ಮೂತಿ ಎತ್ತಿದ ಸಣ್ಣ ಮಂಡಲದ ಹಾವಿಗೆ ಅದು ಕೆಲಸ ಮಾಡಲ್ಲ. ಅದು ಕಚ್ಚಿದರೂ ಆಸ್ಪತ್ರೆಗೇ ಹೋಗಬೇಕು, ಮೂತ್ರಪಿಂಡ ಕೆಡಬಹುದು, ನೋಡಿಕೊಳ್ಳುವವರು ಬೇಕು. ನಾಟಿ ಔಷಧಿ ಅಂತ ಕೂರಬಾರದು.

ರಕ್ತ ಪರೀಕ್ಷೆಯ ರಿಪೋರ್ಟು ಮುಂದಿನ ಸಲ ಬಂತು. ಎಚ್‌ಬಿಎ ಒನ್ ಸಿ ಅನ್ನೋದು ಮೂರು ತಿಂಗಳ ಶುಗರ್ ಸರಾಸರಿ, ಆವತ್ತು ಬೆಳಿಗ್ಗೆ ಉಪವಾಸ ಇದ್ದು ಮೋಸ ಮಾಡೋಕೆ ಆಗಲ್ಲ. ಅಮ್ಮನದು ಒಂಬತ್ತು ದಾಟಿತ್ತು, ಏಳರ ಹತ್ತಿರ ತರಬೇಕು. ಮೂತ್ರಪಿಂಡ ಸದ್ಯಕ್ಕೆ ಚೆನ್ನಾಗಿದೆ. ಊಟದ ವಿಷಯದಲ್ಲಿ ಓಟ್ಸು ಗೀಟ್ಸು ಅಂತ ಏನೂ ಹೇಳಲಿಲ್ಲ. ಅನ್ನ ಅರ್ಧ ಮಾಡಿ, ಹುರುಳಿ, ಸೊಪ್ಪು, ಮೊಟ್ಟೆ ಜಾಸ್ತಿ ಮಾಡಿ, ಕೆಲಸಕ್ಕೆ ಹೋಗೋ ಮುಂಚೆ ಒಂದು ಅಕ್ಕಿ ರೊಟ್ಟಿಯಾದರೂ ತಿಂದು ಹೋಗಿ, ಇಷ್ಟೇ. ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು ಅಂತ ಕೇಳಿದರು. ಅಮ್ಮ ಉತ್ತರ ಕೊಡಲಿಲ್ಲ. ಈಗ ನಮ್ಮಲ್ಲಿ ಎಲ್ಲರೂ ಒಟ್ಟಿಗೆ ಕೂರುತ್ತೇವೆ.

ಹಾಲಿನ ಮೂಲೆಯಲ್ಲಿ ಇನ್ನೊಂದು ಮೇಜಿದೆ, ಕಾಗದ ಪತ್ರದ್ದು. ನನ್ನ ಪ್ರಕಾರ ಔಷಧಿ ಮೇಜಿನಷ್ಟೇ ದೊಡ್ಡ ಕೆಲಸ ಅಲ್ಲೂ ಆಗುತ್ತದೆ. ಒಬ್ಬ ಹುಡುಗ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತಾನೆ. ಅಣ್ಣನ ಕಾರ್ಡಿನಿಂದ ಅಮ್ಮನ ಹೆಸರು ತೆಗೆಸಿ ನನ್ನ ಕಾರ್ಡಿಗೆ ಹಾಕಿಸಲು ಯಾವ ಯಾವ ಕಾಗದ ಬೇಕು ಅಂತ ಬರೆದುಕೊಟ್ಟ. ಗ್ರಾಮ ಒನ್ ಕೇಂದ್ರಕ್ಕೆ ಹೋದಾಗ ಸರ್ವರ್ ಇಲ್ಲ ಅಂದರೆ ಬೇಸರ ಮಾಡ್ಕೋಬೇಡಿ ಅಕ್ಕ, ಬೆಳಿಗ್ಗೆ ಬೇಗ ಹೋಗಿ ಅಂದ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ 2018ರಿಂದ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇಕಡಾ 30 ಮಾತ್ರ, ವರ್ಷಕ್ಕೆ ಒಂದೂವರೆ ಲಕ್ಷದ ಒಳಗೆ. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಇಲ್ಲದೆ ಸೀದಾ ಖಾಸಗಿಗೆ ಹೋದರೆ ನಡೆಯಲ್ಲ. ಎಪ್ಪತ್ತು ದಾಟಿದವರಿಗೆ ಬಿಪಿಎಲ್, ಎಪಿಎಲ್ ನೋಡದೆ ಕೊಡುವ ಕಾರ್ಡು ಕೇಂದ್ರದ್ದು 2024ರಲ್ಲಿ ಶುರುವಾಯಿತು, ಅಮ್ಮನಿಗೆ ಅದಕ್ಕೆ ಇನ್ನೂ ವಯಸ್ಸಾಗಿಲ್ಲ. ಇದನ್ನೆಲ್ಲ ಒಬ್ಬರು ಎದುರಿಗೆ ಕೂತು ಬಿಡಿಸಿ ಹೇಳಿದ್ದು ಅಲ್ಲೇ ಮೊದಲು.

ಗಾಯ ಆರಲು ತಿಂಗಳುಗಳೇ ಹಿಡಿದವು. ಒಂದು ಹಂತದಲ್ಲಿ ಮತ್ತೆ ತೇವ ಬಂದು ಮಡಿಕೇರಿಗೆ ಕಳಿಸಿದರು, ಅಲ್ಲಿ ಎಕ್ಸ್‌ರೇ ತೆಗೆದು ಎಲುಬು ಸರಿ ಇದೆ ಅಂದ ಮೇಲೆ ವಾಪಸ್ ಇಲ್ಲೇ ಡ್ರೆಸ್ಸಿಂಗ್. ಈಗ ಮುಚ್ಚಿದೆ. ಹನ್ನೊಂದು ಗಂಟೆಯ ನಡುಕ ನಿಂತಿದೆ. ಬಿಪಿ ಇಳಿದಿದೆ, ಇನ್ನೂ ಸ್ವಲ್ಪ ಇಳಿಯಬೇಕು. ಕಣ್ಣಿನ ಹಿಂಭಾಗದ ಪರೀಕ್ಷೆ ಬಾಕಿ ಇದೆ.

ಒಂದು ಮಾತು ಹೇಳಲೇಬೇಕು. ಈ ಕ್ಲಿನಿಕ್ ಇದೆ ಅಂತ ಸರ್ಕಾರಿ ಆರೋಗ್ಯ ಕೇಂದ್ರ ಭಾನುವಾರ ನಮಗೆ ಬೇಡ ಅಂತ ಅರ್ಥ ಅಲ್ಲ. ಡಾಕ್ಟರು ರಜೆ ಹಾಕಿದ ವಾರ, ಮಳೆಗೆ ಮರ ಬಿದ್ದು ರಸ್ತೆ ಮುಚ್ಚಿದ ವಾರ ಇಲ್ಲಿ ಬಾಗಿಲು ತೆಗೆಯಲ್ಲ, ಬಿಟ್ಟಿ ದುಡಿಯುವವರನ್ನು ಯಾಕೆ ಬರಲಿಲ್ಲ ಅಂತ ಕೇಳುವುದಾದರೂ ಹೇಗೆ? ಕುಯ್ಲಿನ ಮೂರು ತಿಂಗಳಾದರೂ ತೋಟದ ಕಡೆಯ ಆರೋಗ್ಯ ಕೇಂದ್ರಗಳಲ್ಲಿ ಭಾನುವಾರ ಬೆಳಿಗ್ಗೆ ಶುಗರ್, ಬಿಪಿ ನೋಡಿ ಮಾತ್ರೆ ಕೊಟ್ಟರೆ ಎಷ್ಟೋ ಜನರ ಕಾಲು ಉಳಿಯುತ್ತದೆ. ಪಂಚಾಯಿತಿಯಲ್ಲಿ ಇದನ್ನು ಕೇಳಿದ್ದೇವೆ, ಮತ್ತೆ ಕೇಳುತ್ತೇವೆ.

ಇಂಥ ಕಡೆ ಮೊದಲ ಸಲ ಹೋಗುವವರು ಈಗ ತಗೊಳ್ಳುತ್ತಿರುವ ಮಾತ್ರೆಯ ಸ್ಟ್ರಿಪ್ಪನ್ನೇ ತಗೊಂಡು ಹೋಗಿ, ಬರೀ ಬಣ್ಣ ಹೇಳಿದರೆ ಅವರಿಗೆ ಗೊತ್ತಾಗಲ್ಲ. ಹಳೆಯ ರಿಪೋರ್ಟು ಎಷ್ಟೇ ಹಳೆಯದಾದರೂ ಇರಲಿ. ಕಾಫಿ ಕುಡಿಯದೆ ಹೋಗಿ. ಬೇಗ ಹೋಗಿ, ಹತ್ತು ಗಂಟೆ ಮೇಲೆ ಸಾಲು ಉದ್ದ ಆಗುತ್ತದೆ. ಬಂಗಾಳಿ ಅಥವಾ ಅಸ್ಸಾಮಿ ಮಾತಾಡಲು ಬರುವವರು, ಫಾರ್ಮಸಿ ಓದಿದವರು ಯಾರಾದರೂ ಸಿದ್ದಾಪುರ, ವಿರಾಜಪೇಟೆ ಕಡೆ ಇದ್ದರೆ ಜನವರಿ, ಫೆಬ್ರವರಿಯಲ್ಲಿ ಒಂದೊಂದು ಭಾನುವಾರ ಅವರ ಜೊತೆ ಕೂತುಕೊಳ್ಳಿ. ಆ ಎರಡು ತಿಂಗಳು ಬರುವವರ ಸಂಖ್ಯೆ ಜಾಸ್ತಿ, ಕೈ ಕಡಿಮೆ ಬೀಳುತ್ತದೆ ಅಂತ ಸಿಸ್ಟರು ಹೇಳಿದ್ದಾರೆ. ಚೀಟಿ ಬರೆಯಲು ನಾನು ಹೋಗುತ್ತೇನೆ ಅಂತ ಈಗಾಗಲೇ ಹೆಸರು ಕೊಟ್ಟಿದ್ದೇನೆ.